ಏಳುವ ಭಾರ

"ಇಷ್ಟು ವರ್ಷ ಏಳೋಕೇ ಒದ್ದಾಡ್ತಿದ್ದ ಮೋಟಾರು, ಅವತ್ತೊಂದು ದಿನ ಅಷ್ಟು ಸಲೀಸಾಗಿ ಹೇಗೆ ಎದ್ದಿತು?"

ಪತ್ತೇದಾರ ಕೇಳಿದ್ದು ಯಾರನ್ನೂ ಅಲ್ಲ. ಸೋಪು ಕಾರ್ಖಾನೆಯ ಮಿಕ್ಸರ್ ಕೋಣೆಯಲ್ಲಿ ಅವನನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಎದೆಮಟ್ಟದ ಕಬ್ಬಿಣದ ಕೊಪ್ಪರಿಗೆ, ಅದರೊಳಗೆ ಹೆಪ್ಪುಗಟ್ಟಿ ಬಿಳಿಚಿಕೊಂಡ ಸೋಪು, ಪಕ್ಕದಲ್ಲಿ ನೆಲಕ್ಕೆ ಬೋಲ್ಟು ಬಿಗಿದು ಕೂರಿಸಿದ ಮೋಟಾರು, ಎರಡರ ನಡುವೆ ಪೊಲೀಸರು ಕತ್ತರಿಸಿ ಬಿಸಾಡಿದ ಬೆಲ್ಟು.

ಇದೇ ಬೆಲ್ಟು ಹೋದ ಸೋಮವಾರ ಬೆಳಿಗ್ಗೆ ಮಿಕ್ಸರ್ ಮೇಸ್ತ್ರಿಯ ಕೈಗಳನ್ನೂ, ಕೈಗಳ ಹಿಂದೆಯೇ ಪ್ರಾಣವನ್ನೂ ಎಳೆದುಕೊಂಡಿತ್ತು. ಸ್ವಿಚ್ಚು ಒತ್ತಿದ ಎಲೆಕ್ಟ್ರಿಷಿಯನ್, ಪತ್ತೇದಾರನ ಸ್ವಂತ ಅಕ್ಕನ ಮಗ, ಲಾಕಪ್ಪಿನಲ್ಲಿದ್ದ.

"ಊರ ಕಳ್ಳರನ್ನೆಲ್ಲ ಹಿಡಿದುಕೊಟ್ಟೆಯಲ್ಲ ತಮ್ಮ," ಎಂದಿದ್ದಳು ಅಕ್ಕ. "ಮನೆಯವನೊಬ್ಬನನ್ನ ಬಿಡಿಸಿಕೊಂಡು ಬಾ ನೋಡೋಣ." ಅದು ಬೇಡಿಕೆಯೋ ಹಂಗಿಸಿದ್ದೋ ಅವನಿಗೆ ಈಗಲೂ ತಿಳಿದಿರಲಿಲ್ಲ. ಅಕ್ಕನ ಬಾಯಲ್ಲಿ ಎರಡಕ್ಕೂ ಒಂದೇ ದನಿ.

ಈ ಮೋಟಾರಿನ ಸೋಮಾರಿತನ ಕಾರ್ಖಾನೆಯಲ್ಲಿ ಎಲ್ಲರ ಬಾಯಿಗೂ ಬಿದ್ದ ವಿಷಯ. ರಾತ್ರಿಯೆಲ್ಲ ತಣಿದು ಗಟ್ಟಿಯಾದ ಸೋಪನ್ನು ಬೆಳಿಗ್ಗೆ ಅಲುಗಿಸುವ ಶಕ್ತಿ ಅದಕ್ಕಿರಲಿಲ್ಲ. ಸ್ವಿಚ್ಚು ಒತ್ತಿದರೆ ಗುಂಯ್ ಎಂದು ನರಳಿ ಸುಮ್ಮನಾಗುತ್ತಿತ್ತು. ಅದಕ್ಕೆ ಇಲ್ಲಿನವರೇ ಒಂದು ಉಪಾಯ ಕಂಡುಕೊಂಡಿದ್ದರು. ಬೆಲ್ಟಿನ ಮೇಲಿದ್ದ ಜಾಲರಿ ಕಿತ್ತು ಮೂಲೆಗೆ ಒರಗಿಸಿ, ಮೇಸ್ತ್ರಿ ಎರಡೂ ಕೈಯಲ್ಲಿ ಬೆಲ್ಟು ಹಿಡಿದು ನಿಂತು "ಹಾಕು" ಎಂದು ಕೂಗುವುದು. ಕೊಪ್ಪರಿಗೆಯ ಆಚೆ, ಗೋಡೆಯ ಹತ್ತಿರ, ಎಲೆಕ್ಟ್ರಿಷಿಯನ್ ಸ್ವಿಚ್ಚು ಒತ್ತುವುದು. ಮೋಟಾರು ನರಳುತ್ತಿರುವಾಗ ಮೇಸ್ತ್ರಿ ಮೈಭಾರವನ್ನೆಲ್ಲ ಹಾಕಿ ಬೆಲ್ಟು ಜಗ್ಗಿ ಕೈ ಬಿಡುವುದು. ಆಗ ಅದು ಮುದಿ ಎತ್ತಿನ ಹಾಗೆ ನಿಧಾನಕ್ಕೆ ಎದ್ದು ನಡೆಯುತ್ತಿತ್ತು. ಇದಕ್ಕೆ ಅವರು 'ಎಬ್ಬಿಸೋದು' ಎನ್ನುತ್ತಿದ್ದರು. ಹೊಸಬರಿಗೆ ಇದನ್ನು ಕೆಲಸದ ಭಾಗವೆಂದೇ ಕಲಿಸಿಕೊಡುತ್ತಿದ್ದರು.

ಪೊಲೀಸರ ಲೆಕ್ಕ ಸರಳವಾಗಿತ್ತು. ಶನಿವಾರ ಸಂಜೆ ಗೇಟಿನ ಹತ್ತಿರ ಮೇಸ್ತ್ರಿಗೂ ಎಲೆಕ್ಟ್ರಿಷಿಯನ್ನನಿಗೂ ಜಗಳವಾಗಿದೆ. ಸೋಮವಾರ ಇವನು ಕೂಗು ಕೇಳುವ ಮುಂಚೆಯೇ ಸ್ವಿಚ್ಚು ಒತ್ತಿದ್ದಾನೆ. ಬೇಕಂತ ಒತ್ತಿದನೋ ಸಿಟ್ಟಿನಲ್ಲಿ ಮೈಮರೆತನೋ, ಅಷ್ಟೇ ಉಳಿದಿದ್ದು. ಸದ್ಯಕ್ಕೆ ಮೈಮರೆತ ಎಂದೇ ಬರೆದುಕೊಂಡಿದ್ದರು. ಅಷ್ಟರಮಟ್ಟಿಗೆ ಉಪಕಾರ.

ಆದರೆ ಮುದಿ ಎತ್ತು ಯಾರನ್ನೂ ಎಳೆದುಕೊಂಡು ಓಡುವುದಿಲ್ಲ. ಕೂಗುವ ಮುಂಚೆ ಒತ್ತಿದ್ದರೂ ಅದು ನರಳುತ್ತಿತ್ತೇ ಹೊರತು ಮೇಸ್ತ್ರಿಯನ್ನು ಕೊಲ್ಲುತ್ತಿರಲಿಲ್ಲ.

"ಯಾರ ಜೊತೆ ಮಾತು? ಮೋಟಾರಿನ ಜೊತೆಯಾ?"

ಬಾಗಿಲಲ್ಲಿ ವೈಂಡಿಂಗಮ್ಮ ನಿಂತಿದ್ದಳು. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯ ಒಡತಿ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಸ್ಕ್ರೂಡ್ರೈವರು ಹಿಡಿದೇ ಬಂದಿದ್ದಳು. ಅವಳನ್ನು ಕರೆಸಿದ್ದು ಪತ್ತೇದಾರನೇ.

"ಅದೊಂದೇ ಇನ್ನೂ ಸುಳ್ಳು ಹೇಳಿಲ್ಲ," ಎಂದ ಅವನು.

"ಹಾಗಂತ ನಂಬಬೇಡಿ. ಗಂಡಸರು ತಪ್ಪು ಮೋಟಾರು ತಂದು ಸುಟ್ಟುಹಾಕಿದ್ದಕ್ಕೇ ನನ್ನ ಮನೆ ನಡೆದಿದ್ದು." ಅವಳು ಮೋಟಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬದಿಯ ತಗಡಿನ ಪಟ್ಟಿ ಓದಿದಳು. "ಐದು ಎಚ್‌ಪಿ. ಹೂಂ." ಆಮೇಲೆ ಮೋಟಾರಿನಿಂದ ಹೊರಚಾಚಿದ ತಿರುಗುವ ದಂಡ ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು.

"ಏನು?"

"ಐದು ಎಚ್‌ಪಿ ದಂಡ ನನ್ನ ಹೆಬ್ಬೆರಳಷ್ಟಿರುತ್ತೆ. ಇದು ನೋಡಿ, ನಿಮ್ಮ ಮುಂಗೈ ಹಾಗಿದೆ. ಮೈಯೂ ಹಾಗೇ. ಚಿಕ್ಕ ಮಗುವಿನ ಅಂಗಿ ತೊಡಿಸಿ ದೊಡ್ಡೋನನ್ನ ಕೂರಿಸಿದ ಹಾಗೆ."

ತಗಡಿನ ಪಟ್ಟಿ ಮಾಸಿ ಹೋಗಿತ್ತು; ಅದನ್ನು ಹಿಡಿದ ಸ್ಕ್ರೂಗಳು ಮಾತ್ರ ಹೊಸ ಹಿತ್ತಾಳೆಯವು. ಪತ್ತೇದಾರ ಮೊಣಕಾಲೂರಿ ಮೋಟಾರಿನ ಬುಡ ನೋಡಿದ. ಬೋಲ್ಟುಗಳ ಪಕ್ಕದಲ್ಲಿ ಸಿಮೆಂಟಿನ ಮೇಲೆ ರೂಪಾಯಿಯಗಲದ ಗುಂಡು ಗುರುತುಗಳಿದ್ದವು. ಮೇಲೆ ಬೂದು ಬಣ್ಣ ಬಳಿದಿತ್ತು. ವೈಂಡಿಂಗಮ್ಮನ ಸ್ಕ್ರೂಡ್ರೈವರು ಇಸಿದುಕೊಂಡು ಒಂದರ ಮೇಲೆ ಒತ್ತಿದ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

ಹೊರಗೆಳೆದು ಮೂಸಿದ. ಸೋಪು.

ಹಳೆಯ ಮೋಟಾರಿನ ಬೋಲ್ಟು ತೂತುಗಳಿಗೆ ಸೋಪು ಮೆತ್ತಿ ಬಣ್ಣ ಹಚ್ಚಿದ್ದರು. ಇಂಥ ಮುಚ್ಚುಮರೆ ಇಲ್ಲಿನವರಿಗೆ ಮಾತ್ರ ಹೊಳೆಯುವಂಥದು.

"ಹತ್ತು ಎಚ್‌ಪಿ ಅಂದ್ಕೋತೀನಿ," ಎಂದಳು ವೈಂಡಿಂಗಮ್ಮ. "ಇದಕ್ಕೆ ಯಾರೂ ಜಗ್ಗೋದು ಬೇಕಿಲ್ಲ. ಒತ್ತಿದ ತಕ್ಷಣ ಎದ್ದು ಓಡುತ್ತೆ. ಪಾಪ, ಅವನು ಎಂದಿನ ಹಾಗೆ ಹಿಡಿದು ನಿಂತಿದ್ದ."

ಪತ್ತೇದಾರನ ಎದೆಯಲ್ಲಿ ಒಂದು ಆಸೆ ತಲೆಯೆತ್ತಿತು. ಮೋಟಾರು ಬದಲಾಗಿದೆ. ಬದಲಾಯಿಸಿದವನು ಅದನ್ನು ಮುಚ್ಚಿಟ್ಟಿದ್ದಾನೆ. ಹಾಗಾದರೆ ಸ್ವಿಚ್ಚು ಒತ್ತಿದವನದು ತಪ್ಪಲ್ಲ. ಅಕ್ಕನ ಮಗ ಸಂಜೆಗೆ ಮನೆಗೆ ಬರಬಹುದು.

"ಸ್ವಿಚ್ಚಿನ ಪೆಟ್ಟಿಗೆಯನ್ನೂ ನೋಡಿಬಿಡಿ," ಎಂದ.

ಅವಳು ಕೊಪ್ಪರಿಗೆ ಸುತ್ತಿ ಗೋಡೆಯ ಹತ್ತಿರ ಹೋಗಿ ಪೆಟ್ಟಿಗೆ ಬಿಚ್ಚಿದಳು. ಬಿಚ್ಚಿದಷ್ಟೇ ಬೇಗ ಮುಚ್ಚಿದಳು.

"ಏನಿತ್ತು?"

"ಎಲ್ಲ ಸರಿಯಿದೆ."

"ಅಷ್ಟು ಬೇಗ ನೋಡಿದ್ರಾ?"

"ಕಣ್ಣು ಚುರುಕು ನಂದು." ಆದರೆ ಆ ಚುರುಕು ಕಣ್ಣು ಅವನನ್ನು ನೋಡಲಿಲ್ಲ. ಸ್ಕ್ರೂಡ್ರೈವರಿಗೆ ಅಂಟಿದ ಸೋಪನ್ನು ಸೆರಗಿನಿಂದ ಒರೆಸುತ್ತಾ ನಿಂತಳು, ಒರೆಸಿದ್ದನ್ನೇ ಒರೆಸಿದಳು.

ಅಷ್ಟರಲ್ಲಿ ಹೊರಗೆ ಚಪ್ಪಲಿ ಸದ್ದಾಯಿತು. ಬಂದವನು ಇಂಜಿನಿಯರ್. ಕಾರ್ಖಾನೆಯ ಯಜಮಾನರ ಒಬ್ಬಳೇ ಮಗಳ ಗಂಡ. ಅವರ ಮನೆಯಲ್ಲೇ ಇದ್ದು, ಅವರ ಕಾರ್ಖಾನೆಯಲ್ಲೇ ದುಡಿಯುವವನು. ಕೆಲಸಗಾರರು ಅವನನ್ನು ಎದುರಿಗೆ 'ಸಾರ್' ಎಂದೂ ಬೆನ್ನ ಹಿಂದೆ 'ಮನೆಯಳಿಯ' ಎಂದೂ ಕರೆಯುತ್ತಿದ್ದರು. ಕ್ಷೌರ ಕಾಣದ ಮುಖ, ನಿದ್ದೆ ಕಾಣದ ಕಣ್ಣು.

ಅವನು ಮೋಟಾರಿನ ಬುಡದಲ್ಲಿ ಬಿದ್ದಿದ್ದ ಸೋಪಿನ ಚೂರು ನೋಡಿದ. ಯಾರೂ ಏನೂ ಕೇಳುವ ಮುಂಚೆಯೇ ಅವನ ಭುಜ ಕುಸಿಯಿತು.

"ಪಟ್ಟಿ ಬದಲಾಯಿಸಿದ್ದು ನೀವು," ಎಂದ ಪತ್ತೇದಾರ.

"ನಾನೇ. ಮೋಟಾರು ತಂದಿದ್ದೂ ನಾನೇ."

"ಕದ್ದುಮುಚ್ಚಿ."

"ಯಜಮಾನರ ಮನೆಯಲ್ಲಿ ಒಳ್ಳೆ ಕೆಲಸ ಮಾಡೋಕೆ ಬೇರೆ ದಾರಿ ಇಲ್ಲ." ಹೆಂಡತಿಯ ಅಪ್ಪನನ್ನು ಅವನೂ ಯಜಮಾನರು ಎಂದೇ ಕರೆಯುತ್ತಿದ್ದ. "ಅವರು ಈ ಕೊಪ್ಪರಿಗೆಗೆ ಮೋಟಾರು ಆರಿಸಿದ್ದು ಹೇಗೆ ಗೊತ್ತಾ? ಮಧ್ಯಾಹ್ನದ ಹೊತ್ತು ಬಂದ್ರಂತೆ. ಆಗಿದ್ದ ಮೋಟಾರಿನಲ್ಲಿ ಸೋಪು ಬಿಸಿಯಾಗಿ ನೀರಿನ ಹಾಗೆ ತಿರುಗ್ತಿತ್ತಂತೆ. ಎಷ್ಟು ಕರೆಂಟು ಎಳೀತಿದೆ ನೋಡಿದ್ರು, ಇದಕ್ಕೆ ಐದು ಸಾಕು ಅಂದ್ರು. ಓಡೋ ಭಾರ ನೋಡಿದ್ರು. ಏಳೋ ಭಾರ ನೋಡಲಿಲ್ಲ. ಬೆಳಿಗ್ಗೆ ತಣ್ಣಗಿರೋ ಸೋಪನ್ನ ಮೊದಲನೇ ಸಲ ಅಲುಗಿಸೋಕೆ ಬೇಕಾಗೋ ಬಲ, ಓಡ್ತಿರುವಾಗ ಬೇಕಾಗೋದರ ಎರಡು ಪಟ್ಟಿಗಿಂತ ಜಾಸ್ತಿ."

"ಅವರಿಗೆ ಹೇಳಬಹುದಿತ್ತು."

"ಹೇಳಿದೆ. ಹೋದ ವರ್ಷ ಹೇಳಿದೆ, ಅದರ ಹಿಂದಿನ ವರ್ಷ ಹೇಳಿದೆ. 'ದಿನಾ ಬೆಳಿಗ್ಗೆ ತಿರುಗ್ತಿದೆಯಲ್ಲ, ಇನ್ನೇನು ಬೇಕು' ಅಂದ್ರು. ತಿರುಗ್ತಿದ್ದಿದ್ದು ಮೇಸ್ತ್ರಿ ರಟ್ಟೆಯಿಂದ. ಅರ್ಧ ಮೋಟಾರಿನ ಕೆಲಸ ಒಬ್ಬ ಮನುಷ್ಯ ಮಾಡ್ತಿದ್ದ. ಅದಕ್ಕೆ ತಗಡಿನ ಪಟ್ಟಿ ಇರಲಿಲ್ಲ ನೋಡಿ, ಯಜಮಾನರ ಕಣ್ಣಿಗೆ ಬೀಳಲಿಲ್ಲ."

"ಹಾಗಂತ ಸಿಕ್ಕಿದ್ದರಲ್ಲಿ ದೊಡ್ಡದೊಂದು ತಂದು ಹಾಕಿದ್ರಿ."

ಇಂಜಿನಿಯರನ ಮುಖ ಮೊದಲ ಸಲ ಬಿಗಿಯಿತು. 'ಕದ್ದುಮುಚ್ಚಿ' ಎಂದಿದ್ದನ್ನು ಸಹಿಸಿದ್ದವನಿಗೆ ಈ ಮಾತು ಚುಚ್ಚಿತು.

"ಸಿಕ್ಕಿದ್ದಲ್ಲ. ಇಪ್ಪತ್ತರದ್ದು ಹಾಕಿದ್ರೆ ಮೊದಲನೇ ದಿನವೇ ಕೊಪ್ಪರಿಗೆ ಒಳಗಿನ ಕಲಕೋ ರೆಕ್ಕೆ ಮುರೀತಿತ್ತು. ದಿನವೆಲ್ಲ ಸುಮ್ಮನೆ ಕರೆಂಟು ತಿನ್ನುತ್ತಿತ್ತು. ಏಳೂವರೆಯದ್ದು ಹಾಕಿದ್ರೆ ಬೇಸಿಗೇಲಿ ಏಳ್ತಿತ್ತು, ಚಳಿಗಾಲದಲ್ಲಿ ಮತ್ತೆ ಅವನೇ ಜಗ್ಗಬೇಕಾಗ್ತಿತ್ತು. ನಾನು ಅಳತೆ ಮಾಡಿ ತಂದೆ. ಚಳಿಗಾಲದ ಬೆಳಿಗ್ಗೆ ಬಂದು ಬೆಲ್ಟಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಸೋಪು ಅಲುಗೋವರೆಗೂ ಎಳೆಸಿ, ಮುಳ್ಳು ಎಲ್ಲಿಗೆ ಹೋಗುತ್ತೆ ಅಂತ ನೋಡಿದೆ."

"ಯಾರು ಎಳೆದಿದ್ದು?"

ಇಂಜಿನಿಯರ್ ಕತ್ತರಿಸಿ ಬಿದ್ದಿದ್ದ ಬೆಲ್ಟಿನ ಕಡೆ ನೋಡಿದ.

"ಮೇಸ್ತ್ರಿನೇ. ಇನ್ಯಾರಿಗೆ ಅಷ್ಟು ಶಕ್ತಿಯಿತ್ತು. 'ಏನು ಸಾರ್, ನನ್ನ ತೋಳು ತೂಗ್ತಾ ಇದ್ದೀರಾ? ಹೆಣ್ಣು ಕೊಡೋಕೆ ಬಂದೋರೂ ಇಷ್ಟು ಪರೀಕ್ಷೆ ಮಾಡಿರಲಿಲ್ಲ' ಅಂದ. ನಿನ್ನ ಬದಲಿಗೆ ಒಂದು ಸರಿಯಾದ ಮೋಟಾರು ತರ್ತೀನಿ ಅಂದೆ. ನಕ್ಕ. ಎಷ್ಟು ಸಲ ಕೇಳಿದ್ದನೋ ಆ ಮಾತು."

ಪತ್ತೇದಾರ ಕತ್ತು ಬಗ್ಗಿಸಿದ. ಸತ್ತವನನ್ನು ಅವನು ಈವರೆಗೆ ನೋಡಿದ್ದು ಪೊಲೀಸರ ಫೋಟೋದಲ್ಲಿ ಮಾತ್ರ. ಈಗ ಆ ಫೋಟೋಕ್ಕೆ ದನಿ ಬಂದಿತ್ತು. ತನ್ನನ್ನು ಕೊಲ್ಲಲಿರುವ ಮೋಟಾರಿಗೆ ತಾನೇ ಅಳತೆ ಕೊಟ್ಟವನು, ಅದೂ ನಗುತ್ತಾ. ಬೇಟೆಗಾರ ತೋಡಿದ ಗುಂಡಿಗೆ ಜಿಂಕೆ ಬೀಳುವುದನ್ನು ಕೇಳಿದವರು ಉಂಟು. ಇಲ್ಲಿ ಬೇಟೆಗಾರನೂ ಇರಲಿಲ್ಲ. ಒಬ್ಬ ಒಳ್ಳೆಯವನು ಇನ್ನೊಬ್ಬನ ನೋವು ಕಡಿಮೆ ಮಾಡಲು ಹೋಗಿದ್ದ.

ಆದರೆ ಕನಿಕರಕ್ಕೆ ಈಗ ಹೊತ್ತಿರಲಿಲ್ಲ. ಅಲ್ಲಿ ಕಂಬಿಯ ಹಿಂದೆ ಒಬ್ಬ ಕೂತಿದ್ದ.

"ಮೋಟಾರು ತಂದ್ರಿ, ಸರಿ. ಪಟ್ಟಿ ಯಾಕೆ ಬದಲಾಯಿಸಿದ್ರಿ?"

"ಯಜಮಾನರು ಓದೋದು ಅದೊಂದನ್ನೇ. ಹಳೇ ಪಟ್ಟಿ ಇದ್ರೆ ವರ್ಷ ಕಳೆದರೂ ಗೊತ್ತಾಗಲ್ಲ. ಒಂದು ವರ್ಷ ಚೆನ್ನಾಗಿ ಓಡಿದ ಮೇಲೆ ನಾನೇ ಹೇಳೋಣ ಅಂತಿದ್ದೆ. ಮಾವನ ಮುಂದೆ ಒಂದೇ ಒಂದು ಸಲ ಗೆಲ್ಲೋಣ ಅಂತ."

"ಗೆದ್ರಿ," ಎಂದಳು ವೈಂಡಿಂಗಮ್ಮ.

ಇಂಜಿನಿಯರ್ ಅವಳ ಕಡೆ ನೋಡಲಿಲ್ಲ.

ಪತ್ತೇದಾರ ಒಂದು ಹೆಜ್ಜೆ ಮುಂದೆ ಬಂದ. "ಯಜಮಾನರಿಂದ ಮುಚ್ಚಿಟ್ರಿ, ಒಪ್ಪೋಣ. ಬೆಲ್ಟು ಹಿಡಿಯೋನಿಂದ ಯಾಕೆ ಮುಚ್ಚಿಟ್ರಿ? ಇನ್ಮೇಲೆ ಹಿಡೀಬೇಡ ಅಂತ ಒಂದು ಮಾತು ಸಾಕಿತ್ತು. ಆ ಒಂದು ಮಾತು ನಿಮ್ಮ ಬಾಯಿಂದ ಬಂದಿದ್ರೆ ಆ ಮನೆ ದೀಪ ಆರ್ತಿರಲಿಲ್ಲ, ನನ್ನ ಅಕ್ಕನ ಮಗ ಒಳಗೆ ಕೂರ್ತಿರಲಿಲ್ಲ."

"ನಾನು ಮುಚ್ಚಿಡಲಿಲ್ಲ."

"ಮತ್ತೆ?"

"ಹೇಳಿಕಳಿಸಿದೆ." ಇಂಜಿನಿಯರ್ ತಲೆಯೆತ್ತಿದ. ಆ ಕಣ್ಣುಗಳಲ್ಲಿ ಈಗ ಇದ್ದದ್ದು ಭಯವಲ್ಲ, ಕೇಳುವವನ ಬಗ್ಗೆಯೇ ಹುಟ್ಟಿದ ಮರುಕ. "ಪತ್ತೇದಾರ್ರೇ, ಇಷ್ಟು ಭಾರದ ಮೋಟಾರನ್ನ ಭಾನುವಾರ ರಜೆಯಲ್ಲಿ ಬಂದು ನಾನೊಬ್ಬನೇ ಕೂರಿಸೋಕೆ ಆಗುತ್ತಾ? ಸ್ವಿಚ್ಚಿನ ಪೆಟ್ಟಿಗೇಲಿ ರಿಲೇನೂ ಬದಲಾಯಿಸಬೇಕು, ಇಲ್ಲಾಂದ್ರೆ ದೊಡ್ಡ ಮೋಟಾರು ಶುರುವಾದ ತಕ್ಷಣ ಅದು ಕರೆಂಟು ಕಿತ್ತುಹಾಕುತ್ತೆ. ಆ ಪೆಟ್ಟಿಗೆ ಬೀಗದ ಕೈ ಯಾರ ಹತ್ರ ಇರುತ್ತೆ?"

ಪತ್ತೇದಾರ ನಿಧಾನಕ್ಕೆ ವೈಂಡಿಂಗಮ್ಮನ ಕಡೆ ತಿರುಗಿದ. ಅವಳು ಸ್ಕ್ರೂಡ್ರೈವರು ಒರೆಸುವುದನ್ನು ನಿಲ್ಲಿಸಿದ್ದಳು.

"ಹೊಸ ರಿಲೇ," ಎಂದಳು ಅವಳು, ನೆಲ ನೋಡುತ್ತಾ. "ತಂತಿ ತುದಿಯನ್ನ ಎರಡು ಮಡಿಕೆ ಮಾಡಿ ಸ್ಕ್ರೂ ಕೆಳಗೆ ಸೇರಿಸಿದೆ. ನನ್ನ ಅಂಗಡೀಲಿ ಕಲಿತ ಹುಡುಗರಲ್ಲಿ ಹಾಗೆ ಮಾಡೋನು ನಿಮ್ಮ ಅಕ್ಕನ ಮಗ ಒಬ್ಬನೇ. ಬೈದು ಬೈದು ನಾನೇ ಕಲಿಸಿದ್ದು. ನನ್ನ ಬಾಯಿಂದ ಬರೋದು ಬೇಡ ಅಂತ ಮುಚ್ಚಿದೆ. ಕ್ಷಮಿಸಿ."

"ಮುಗಿಸಿ ಹೊರಡುವಾಗ ಅವನಿಗೆ ಹೇಳಿದೆ," ಎಂದ ಇಂಜಿನಿಯರ್. "ಇವತ್ತೇ ಹೋಗಿ ಮೇಸ್ತ್ರಿಗೆ ಹೇಳು, ಇನ್ನು ಬೆಲ್ಟಿಗೆ ಕೈ ತಗಲಿಸಬಾರದು ಅಂತ. 'ಆಯ್ತು ಸಾರ್' ಅಂದ. ಸೋಮವಾರ ನಾನು ಬರೋ ಹೊತ್ತಿಗೆ ಎಲ್ಲ ಆಗಿಹೋಗಿತ್ತು. ಇಷ್ಟು ದಿನ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ, ಅನ್ನ ಇಳೀತಿಲ್ಲ. ಸಂಜೆ ಸ್ಟೇಷನ್ನಿಗೆ ಹೋಗಿ ಇದ್ದಿದ್ದು ಇದ್ದ ಹಾಗೆ ಹೇಳ್ತೀನಿ. ನನ್ನ ತಪ್ಪೂ ಹೇಳ್ತೀನಿ, ಅವನಿಗೆ ಹೇಳಿದ್ದೂ ಹೇಳ್ತೀನಿ."

ಬೇಡ ಎನ್ನಲು ಪತ್ತೇದಾರನಿಗೆ ಯಾವ ಬಾಯಿ? ಸತ್ಯ ಹೇಳಿ ಎಂದು ಊರೆಲ್ಲ ಕೇಳಿಕೊಂಡು ತಿರುಗಿದವನು ಅವನೇ.

ಮೋಟಾರು ಬದಲಾದದ್ದು ತಿಳಿಯದೆ ಸ್ವಿಚ್ಚು ಒತ್ತಿದರೆ ಅದು ದುರದೃಷ್ಟ. ತಾನೇ ಬದಲಾಯಿಸಿ, ಶನಿವಾರ ಜಗಳವಾಡಿದವನ ಕೈ ಎಲ್ಲಿರುತ್ತದೆಂದು ಗೊತ್ತಿದ್ದೂ ಒತ್ತಿದರೆ ಅದಕ್ಕೆ ಕಾನೂನಿನಲ್ಲಿ ಬೇರೆ ಹೆಸರು. ಅಕ್ಕನ ಮಗನನ್ನು ಹೊರಗೆ ತರಲು ಹಿಡಿದ ದಾರ ಅವನ ಕುತ್ತಿಗೆಗೇ ಸುತ್ತಿಕೊಂಡಿತ್ತು, ಸುತ್ತಿದವನು ಸೋದರಮಾವ.

ಸ್ಟೇಷನ್ನಿನ ಹಾದಿಯುದ್ದಕ್ಕೂ ಪತ್ತೇದಾರ ಯಾರ ಮುಖವನ್ನೂ ನೋಡಲಿಲ್ಲ. ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ, ಹುಡುಗ ಮರೆತಿದ್ದ ಎಂದು ಹೇಳಲಿ. ಮರೆವಿಗೆ ಶಿಕ್ಷೆ ಸಣ್ಣದು. ಆಮೇಲೆ ತನ್ನ ಪ್ರಾರ್ಥನೆ ತನಗೇ ಹೇಸಿಗೆಯಾಯಿತು. ಸತ್ತವನ ಮನೆಯಲ್ಲೂ ಯಾರೋ ಇದೇ ದೇವರಿಗೆ ಕೈಮುಗಿಯುತ್ತಿರಬೇಕು.

ಲಾಕಪ್ಪಿನಲ್ಲಿ ಅಕ್ಕನ ಮಗ ಗೋಡೆಗೊರಗಿ ಕೂತಿದ್ದ. ಮೂವತ್ತು ದಾಟಿದ ಆಳು. ಈ ವಾರದಲ್ಲಿ ಮುಖ ಅರ್ಧವಾಗಿತ್ತು. ಮಾವನನ್ನು ಕಂಡು ಎದ್ದು ಕಂಬಿಯ ಹತ್ತಿರ ಬಂದ.

"ಅಮ್ಮ ಹೇಗಿದ್ದಾಳೆ?"

"ನನ್ನ ಬೈಕೊಂಡು ಗಟ್ಟಿಯಾಗಿದ್ದಾಳೆ." ಪತ್ತೇದಾರ ದನಿ ತಗ್ಗಿಸಿದ. "ತೂತಿಗೆ ಸೋಪು ಮೆತ್ತಿದ್ದು ನೀನಾ, ಇಂಜಿನಿಯರಾ?"

ಅವನ ಕೈ ಕಂಬಿಯ ಮೇಲೇ ನಿಂತಿತು. ಅಲ್ಲಗಳೆಯುವ ಪ್ರಯತ್ನವನ್ನೂ ಮಾಡಲಿಲ್ಲ.

"ನಾನು. ಬಣ್ಣ ಅವರು ಹಚ್ಚಿದ್ರು."

"ನನಗೆ ಯಾಕೋ ಹೇಳಲಿಲ್ಲ? ಮೊದಲನೇ ದಿನವೇ ಇಲ್ಲೇ ನಿಂತು ಕೇಳಿದ್ದೆನಲ್ಲ, ಮುಚ್ಚಿಡೋದು ಏನಾದ್ರೂ ಇದೆಯಾ ಅಂತ."

"ಹೇಳಿದ್ರೆ ಮುಂದಿನ ಪ್ರಶ್ನೆ ಕೇಳ್ತಿದ್ರಿ, ಮಾವ."

"ಈಗ ಕೇಳ್ತೀನಿ. ಮೇಸ್ತ್ರಿಗೆ ಹೇಳಿದೆಯಾ?"

ಅವನು ತುಟಿ ಒದ್ದೆ ಮಾಡಿಕೊಂಡ. "ನಾನು ನೇರವಾಗಿ ಹೋಗೋ ಹಾಗಿರಲಿಲ್ಲ. ಶನಿವಾರ ಜಗಳ ಆಗಿದ್ದು ಅದೇ ಬೆಲ್ಟಿನ ಮೇಲೆ. ದಿನಾ ಭುಜ ಕಿತ್ತು ಬರುತ್ತೆ, ನೀನೂ ಯಜಮಾನನ ಕಡೆಯವನೇ, ಅಲ್ಲಿ ನಿಂತು ಬೆರಳಲ್ಲಿ ಒತ್ತೋದು ಬಿಟ್ಟು ಒಂದು ದಿನ ಬಂದು ಜಗ್ಗು ಅಂದ. ನನಗೂ ಬಾಯಿ ನಿಲ್ಲಲಿಲ್ಲ. ಇನ್ನೊಂದ್ಸಲ ನನ್ನ ಮನೆ ಹತ್ರ ಮುಖ ತೋರಿಸಿದ್ರೆ ನೋಡು ಅಂದ."

"ಅದಕ್ಕೆ?"

"ಅದಕ್ಕೆ ಬೇರೆಯೋರ ಹತ್ರ ಹೇಳಿಕಳಿಸಿದೆ. ಮೇಸ್ತ್ರಿ ಯಾರ ಮಾತು ತೆಗೆದುಹಾಕೋದಿಲ್ಲವೋ ಅಂಥೋರ ಹತ್ರ. ಭಾನುವಾರ ಸಂಜೆನೇ. ಎಲ್ಲ ಬಿಡಿಸಿ ಹೇಳಿದೆ, ಹೊಸ ಮೋಟಾರು, ತಾನೇ ಏಳುತ್ತೆ, ಬೆಲ್ಟಿನ ಹತ್ರಾನೂ ನಿಲ್ಲಬಾರದು ಅಂತ. ಎರಡು ಸಲ ಹೇಳಿದೆ."

"ಅವರು ಮರೆತರು."

"ಇಲ್ಲ." ಆ ಒಂದು ಪದವನ್ನು ಅವನು ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಹಾಗೆ ಹೊರಗೆ ಹಾಕಿದ. "ಸೋಮವಾರ ಬೆಳಿಗ್ಗೆ ಗೇಟಿನ ಹತ್ರ ಸಿಕ್ಕಿದ್ರು. ಹೇಳಿದ್ರಾ ಅಂತ ಕೇಳಿದೆ. ನನ್ನ ಮುಖ ನೋಡಿ, 'ಹೇಳಿದೀನಿ, ಹೋಗು' ಅಂದ್ರು. ಆಮೇಲೆ ನಾನು ಒಳಗೆ ಹೋದೆ. ಆ ಕಡೆಯಿಂದ ಮೇಸ್ತ್ರಿ 'ಹಾಕು' ಅಂದ. ಕೊಪ್ಪರಿಗೆ ಅಡ್ಡ, ನನಗೇನು ಕಾಣುತ್ತೆ. ಅಭ್ಯಾಸದಿಂದ ಕೂಗಿದಾನೆ, ಬೆಲ್ಟು ಹಿಡಿದಿರಲ್ಲ ಅಂತ ಒತ್ತಿದೆ."

ಹೊರಗೆ ಪೇದೆಯೊಬ್ಬ ಬಕೆಟ್ಟು ಎಳೆದುಕೊಂಡು ಹೋದ.

ಇಷ್ಟು ಹೊತ್ತು ಅದು ಯಾರದೋ ಜಿಪುಣತನ, ಯಾರದೋ ಹಟ, ಯಾರದೋ ಅಂಜಿಕೆ ಸೇರಿ ಆದ ಸಾವಾಗಿತ್ತು. ಈಗ ಅದರೊಳಗೆ ಒಬ್ಬ ಮನುಷ್ಯ ಬಂದು ನಿಂತಿದ್ದ. ಒಂದು ಮಾತನ್ನು ತನ್ನ ಹೊಟ್ಟೆಯಲ್ಲಿ ಉಳಿಸಿಕೊಂಡು, ಹೇಳಿದ್ದೇನೆ ಎಂದು ಕಣ್ಣಿಗೆ ಕಣ್ಣಿಟ್ಟು ಸುಳ್ಳಾಡಿ, ಇನ್ನೊಬ್ಬನ ಬೆರಳಿನಿಂದ ಸ್ವಿಚ್ಚು ಒತ್ತಿಸಿದ ಮನುಷ್ಯ.

"ಕೇಳು," ಎಂದ, ಕಂಬಿಗೆ ಮುಖವಿಟ್ಟು. "ಸಂಜೆ ಇಂಜಿನಿಯರ್ ಬರ್ತಾನೆ. ಮೋಟಾರು ಕೂರಿಸಿದ್ದು ನೀನು, ಎಚ್ಚರಿಕೆ ಹೇಳಿದ್ದು ನಿನಗೆ ಅಂತ ಬರೆಸಿ ಹೋಗ್ತಾನೆ. ಆಮೇಲೆ ಇದು ಕೊಲೆ ಕೇಸು. ಜೀವಮಾನ ಪೂರ್ತಿ ಒಳಗಿರ್ತೀಯ. ನಿನ್ನ ಉಳಿಸೋ ದಾರಿ ಒಂದೇ. ನೀನು ಹೇಳಿಕಳಿಸಿದ್ದು ಯಾರ ಹತ್ರ? ಹೆಸರು ಹೇಳು. ಮಿಕ್ಕಿದ್ದು ನಾನು ನೋಡಿಕೋತೀನಿ."

ಅಕ್ಕನ ಮಗ ಅವನನ್ನೇ ನೋಡಿದ. ಚಿಕ್ಕಂದಿನಲ್ಲಿ ಇವನ ಹೆಗಲ ಮೇಲೆ ಕೂತು ಊರು ಸುತ್ತಿದವನು. ಆಗಲೂ ಬೇಡವೆಂದರೆ ಬೇಡ, ಅಕ್ಕನ ಹಾಗೆ. ಕಂಬಿಯಿಂದ ಕೈ ತೆಗೆದ. ಒಂದು ಹೆಜ್ಜೆ ಹಿಂದೆ ಹೋದ.

"ಬೇರೆ ಏನು ಬೇಕಾದ್ರೂ ಕೇಳಿ."

"ನನಗೆ ಬೇರೇನೂ ಬೇಡ. ನಿಮ್ಮಮ್ಮನ ಮುಖ ನೋಡಿಯಾದ್ರೂ ಹೇಳೋ. ಕೈಮುಗೀತೀನಿ."

ಸೋದರಮಾವ ನಿಜವಾಗಿಯೂ ಕೈ ಮುಗಿದ. ಆ ಕೈಗಳನ್ನು ನೋಡಲಾಗದೆ ಅವನು ಗೋಡೆಯ ಕಡೆ ತಿರುಗಿ ಕೂತ.

"ಹೇಳಲ್ಲ ಮಾವ," ಎಂದ. "ನಿಮಗೂ ಹೇಳಲ್ಲ, ಜಡ್ಜಿಗೂ ಹೇಳಲ್ಲ. ಹೋಗಿ."